ನಸ್ರೀನ್ ಮೊಹಮದಿ ಅವರ ಗೆರೆಗಳನ್ನು ನೋಡುವ ಬಗೆ

ಮಾಟುಂಗಾದಿಂದಲೋ ಡೊಂಬಿವಲಿಯಿಂದಲೋ ಮುಂಬೈಯ ಕಾಲಾ ಘೋಡಾದ ಗ್ಯಾಲರಿಗಳಿಗೆ ಹೋಗುವ ಕನ್ನಡಿಗರು ಅಮೂರ್ತ ಚಿತ್ರದ, ಅಂದರೆ ಗುರುತಿಸಬಲ್ಲ ವಸ್ತುವನ್ನು ತೋರಿಸದ ಚಿತ್ರದ ಮುಂದೆ ಮೊದಲು ಕೇಳುವುದು, ‘ಇದೇನು?’ ಗೆರೆಗಳಿಂದಲೇ ಅಮೂರ್ತ ಚಿತ್ರ ಬರೆದ ಭಾರತೀಯ ಕಲಾವಿದೆ ನಸ್ರೀನ್ ಮೊಹಮದಿ (1937–1990) ಅವರ ಚಿತ್ರ ಸಿಕ್ಕರೆ ಆ ಪ್ರಶ್ನೆ ಬದಿಗಿಡಿ. ಹೆಚ್ಚಿನವಕ್ಕೆ ಶೀರ್ಷಿಕೆಯೇ ಇಲ್ಲ, ಎಷ್ಟೋ ಚಿತ್ರಗಳಿಗೆ ಇಸವಿಯೂ ಇಲ್ಲ.

ಎರಡು ಮೀಟರ್ ದೂರದಿಂದ ಇಡೀ ಹಾಳೆ ನೋಡಿ: ಗೆರೆಗಳು ಎಲ್ಲಿ ದಟ್ಟ, ಎಲ್ಲಿ ವಿರಳ? ಆಮೇಲೆ ಕಾವಲಿನವರು ಬಿಡುವಷ್ಟು ಹತ್ತಿರ ಹೋಗಿ. ಪೆನ್ಸಿಲ್ ಗೆರೆ ಬೂದು, ಓರೆಯಿಂದ ನೋಡಿದರೆ ತುಸು ಮಿನುಗುತ್ತದೆ. ಶಾಯಿಯದು ಕಡುಕಪ್ಪು, ಅಂಚು ಚೂಪು. ಈಗ ಒಂದೇ ಗೆರೆಯನ್ನು ಆರಿಸಿ ತುದಿಯವರೆಗೆ ಕಣ್ಣು ಹಾಯಿಸಿ. ಅದು ಎಲ್ಲಿ ತೆಳುವಾಯಿತು, ಎಲ್ಲಿ ನಿಂತಿತು, ಪಕ್ಕದ ಗೆರೆಯ ಅಂತರ ಎಲ್ಲಿ ಬದಲಾಯಿತು? ಆಳವೂ ಚಲನೆಯೂ ಹುಟ್ಟುವುದು ಆ ಅಂತರದಲ್ಲೇ. ಖಾಲಿ ಬಿಟ್ಟ ಕಾಗದವೂ ಚಿತ್ರದ ಭಾಗ. 1970ರ ದಶಕದ ಚೌಕಳಿಗಳನ್ನೂ ಕೊನೆಯ ವರ್ಷಗಳ ಓರೆಗೆರೆಗಳನ್ನೂ ಹೋಲಿಸಿದರೆ ಅವರು ಸಾಗಿದ ದಾರಿ ಬೇಗ ತಿಳಿಯುತ್ತದೆ.

ಎಡವುವುದು ಎರಡು ಕಡೆ. ‘ಹೆಣ್ಣಿನ ನಾಜೂಕು’ ಎಂದು ಮುಗಿಸಿಬಿಡುವುದು ಸೋಮಾರಿತನ. ಇಲ್ಲಿರುವುದು ನಕ್ಷೆಗಾರನ ಉಪಕರಣಗಳ ಶಿಸ್ತು. ಕೊನೆಗಾಲದಲ್ಲಿ ನರರೋಗ ಅವರ ಕೈಯ ಹಿಡಿತ ಕುಗ್ಗಿಸಿತ್ತು, ನಿಜ. ಹಾಗೆಂದು ಪ್ರತಿ ಗೆರೆಯಲ್ಲೂ ನೋವು ಹುಡುಕಿದರೆ ಗೆರೆಯೇ ಕಾಣದು. ಅವರು ತೆಗೆದ ಕಡಲತೀರ ಮುಂತಾದವುಗಳ ಫೋಟೋಗಳನ್ನು ಆಮೇಲೆ ನೋಡಿ. ಮೊದಲೇ ನೋಡಿದರೆ ಎಲ್ಲ ಗೆರೆಯೂ ಸಮುದ್ರವಾಗಿಬಿಡುತ್ತದೆ.

ಮೊಬೈಲ್ ಚಿತ್ರ ನಂಬಬೇಡಿ. ಒತ್ತಾದ ಗೆರೆಗಳು ಪರದೆಯ ಮೇಲೆ ಇಲ್ಲದ ಅಲೆಗಳನ್ನು ತೋರಿಸುತ್ತವೆ, ಸಣ್ಣವು ಅಳಿಸಿಹೋಗುತ್ತವೆ.