ಕಿಸಾನ್ ಸಮ್ಮಾನ್ ಕಂತು ಎಲ್ಲಿ ನಿಂತಿದೆ ಎಂದು ಹುಡುಕುವ ಬಗೆ

ಕೇಂದ್ರ ಸರ್ಕಾರ ರೈತರಿಗೆ ಕೊಡುವ ಕಿಸಾನ್ ಸಮ್ಮಾನ್ (ಪಿಎಂ ಕಿಸಾನ್) ಹಣ ಬರಲಿಲ್ಲವೆಂದು ಬೆಳಿಗ್ಗೆಯೇ ಬ್ಯಾಂಕಿನ ಮುಂದೆ ಸಾಲು ನಿಲ್ಲಬೇಡಿ. ಹಣ ಜಮೆಯಾಗಿದೆಯೋ ಇಲ್ಲವೋ ಎಂಬುದನ್ನಷ್ಟೇ ಅವರು ಹೇಳಬಲ್ಲರು. ಸಹಕಾರ ಸಂಘದಲ್ಲಿ ಲೆಕ್ಕ ಬರೆದು ನಿವೃತ್ತನಾದ ನನಗೆ ಈಗ ಊರವರ ಈ ಕಾಗದಗಳನ್ನು ನೋಡುವುದೇ ಕೆಲಸ. ನಾನು ಕಂಡಂತೆ ಹಣ ದೆಹಲಿಯಲ್ಲಿ ನಿಲ್ಲುವುದು ಅಪರೂಪ. ಪಹಣಿ, ಆಧಾರ್, ಬ್ಯಾಂಕ್ ಖಾತೆ ಒಂದಕ್ಕೊಂದು ತಾಳೆಯಾಗದ ಕಡೆ ಅದು ಸಿಕ್ಕಿಕೊಂಡಿರುತ್ತದೆ.

ವರ್ಷಕ್ಕೆ 6,000 ರೂಪಾಯಿ, 2,000ದ ಮೂರು ಕಂತು: ಏಪ್ರಿಲ್‌ನಿಂದ ಜುಲೈ, ಆಗಸ್ಟ್‌ನಿಂದ ನವೆಂಬರ್, ಡಿಸೆಂಬರ್‌ನಿಂದ ಮಾರ್ಚ್. ಪಿಎಂ ಕಿಸಾನ್ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಹಾಕಿ ನಿಮ್ಮ ಸ್ಥಿತಿ ತೆರೆಯಿರಿ. ಜಮೀನು ಜೋಡಣೆ, ಇ-ಕೆವೈಸಿ (ಆಧಾರ್ ಮೂಲಕ ಗುರುತಿನ ದೃಢೀಕರಣ), ಆಧಾರ್–ಬ್ಯಾಂಕ್ ಜೋಡಣೆ ಎಂಬ ಮೂರರಲ್ಲಿ ಯಾವುದರ ಮುಂದೆ ‘ಇಲ್ಲ’ ಎಂದಿದೆಯೋ ಅಲ್ಲಿಂದ ಶುರು ಮಾಡಿ.

ಇ-ಕೆವೈಸಿ ಸುಲಭದ್ದು. ಆಧಾರ್‌ಗೆ ಮೊಬೈಲ್ ಜೋಡಣೆಯಾಗಿದ್ದರೆ ಒಟಿಪಿ ಸಾಕು. ಇಲ್ಲದಿದ್ದರೆ ಸಾಮಾನ್ಯ ಸೇವಾ ಕೇಂದ್ರದಲ್ಲಿ ಬೆರಳಚ್ಚು ಕೊಡಬೇಕು. ಗುದ್ದಲಿ ಹಿಡಿದು ಬೆರಳ ಗೆರೆ ಸವೆದವರು ಯಂತ್ರದ ಮೇಲೆ ಒತ್ತಿ ಒತ್ತಿ ಸುಸ್ತಾಗುವ ಬದಲು ಪಿಎಂ ಕಿಸಾನ್ ಆ್ಯಪ್‌ನಲ್ಲಿ ಮುಖ ತೋರಿಸಿ ಮುಗಿಸಬಹುದು.

ಬ್ಯಾಂಕಿನ ತೊಡಕು ಬೇರೆ. ಆಧಾರ್ ಜೆರಾಕ್ಸ್ ಕೊಟ್ಟು ಬಂದರೆ ಜೋಡಣೆಯಾಯಿತೆಂದಲ್ಲ. ಆಧಾರ್ ಆಧರಿಸಿದ ಪಾವತಿ ಕೊನೆಯದಾಗಿ ಜೋಡಿಸಿದ ಬ್ಯಾಂಕಿಗೆ ಹೋಗುತ್ತದೆ. ನಮ್ಮ ಬೀದಿಯ ಅಜ್ಜಿಯೊಬ್ಬರು ಕಂತೇ ಇಲ್ಲವೆಂದು ಸರ್ಕಾರವನ್ನು ಬೈಯುತ್ತಿದ್ದರು. ಅವರು ಮರೆತೇಬಿಟ್ಟಿದ್ದ ಇನ್ನೊಂದು ಪಾಸ್‌ಬುಕ್‌ಗೆ ನಮೂದು ಹಾಕಿಸಿ ನೋಡಿದರೆ ಎಲ್ಲ ಕಂತೂ ಅಲ್ಲಿದ್ದವು! ಯಾವ ಬ್ಯಾಂಕ್ ಜೋಡಣೆಯಾಗಿದೆ ಎಂಬುದನ್ನು ಆಧಾರ್ ಪ್ರಾಧಿಕಾರದ ಜಾಲತಾಣದಲ್ಲೇ ನೋಡಬಹುದು.

ನಿಜವಾದ ಗಂಟು ಇರುವುದು ಜಮೀನಿನಲ್ಲಿ. ಪಹಣಿಯಲ್ಲಿ ಮಾಲೀಕರ ಹೆಸರಿರುವ 9ನೇ ಕಾಲಂ ತೆಗೆದು ಆಧಾರ್ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರವಾಗಿ ಓದಿ. ಪಹಣಿಯಲ್ಲಿ ‘ತಿಮ್ಮಪ್ಪ ಬಿನ್ ರಂಗಪ್ಪ’ ಎಂದಿದ್ದು ಆಧಾರ್‌ನಲ್ಲಿ ‘ತಿಮ್ಮಣ್ಣ ಆರ್.’ ಎಂದಿದ್ದರೆ ಮನುಷ್ಯ ಒಬ್ಬನೇ ಎಂದು ಊರಿಗೆಲ್ಲ ಗೊತ್ತು, ಕಂಪ್ಯೂಟರ್‌ಗೆ ಗೊತ್ತಿಲ್ಲ. ತೀರಿಕೊಂಡ ತಾತನ ಹೆಸರೇ ಇನ್ನೂ ಅಲ್ಲಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ಪೌತಿ ಖಾತೆಗೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು) ಅರ್ಜಿ ಕೊಡಿ. ಅಣ್ಣತಮ್ಮಂದಿರ ಜಗಳ ಮುಗಿಯಲಿ ಎಂದು ಕಾಯುವವರು ಕಾಯುತ್ತಲೇ ಇದ್ದಾರೆ. ಈ ಯೋಜನೆಗೆ 2019ರ ಫೆಬ್ರವರಿ 1ರಂದು ಜಮೀನು ಯಾರ ಹೆಸರಿನಲ್ಲಿತ್ತು ಎಂಬುದೇ ಲೆಕ್ಕ. ಆಮೇಲೆ ಕೊಂಡವರಿಗೆ ಇಲ್ಲ. ಮಾಲೀಕರ ಮರಣದಿಂದ ವಾರಸುದಾರರಿಗೆ ಬಂದ ಜಮೀನಿಗೆ ಮಾತ್ರ ವಿನಾಯಿತಿ.

ಪಹಣಿ ಸರಿಯಾದ ಮೇಲೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ರೈತರ ಜಮೀನು ದಾಖಲಿಸುವ ರಾಜ್ಯದ ಫ್ರೂಟ್ಸ್ ತಂತ್ರಾಂಶದಲ್ಲಿ ನಿಮ್ಮ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ನೋಡಿ. ‘ನನ್ನದು ಆಗಿದೆ’ ಎನ್ನುವವರ ಎಫ್‌ಐಡಿಯಲ್ಲಿ ಎಷ್ಟೋ ಸಲ ಮನೆ ಹತ್ತಿರದ ಒಂದೇ ಸರ್ವೆ ನಂಬರ್ ಇರುತ್ತದೆ, ಕೆರೆ ಆಚೆಯದು ಬಿಟ್ಟುಹೋಗಿರುತ್ತದೆ. ಎಲ್ಲವನ್ನೂ ಸೇರಿಸಿ. 2023ರ ಬರ ಪರಿಹಾರವೂ ಇದೇ ದಾಖಲೆ ನೋಡಿ ಖಾತೆಗೆ ಬಂದದ್ದು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಗರಿಷ್ಠ ಎರಡು ಹೆಕ್ಟೇರ್ ಎಂದಿದ್ದಾಗ, ಬಿಟ್ಟುಹೋದ ಸರ್ವೆ ನಂಬರ್ ಎಷ್ಟು ದುಬಾರಿ ಎಂದು ನೀವೇ ಗುಣಿಸಿ. ಬೆಳೆ ಸಮೀಕ್ಷೆಯಲ್ಲಿ ರಾಗಿ ಇದ್ದ ಹೊಲಕ್ಕೆ ‘ಬೀಳು’ ಎಂದು ಬರೆದಿದ್ದರೆ ಅದಕ್ಕೂ ಆಕ್ಷೇಪಣೆ ಹಾಕಿ.

ಕಳೆದ ಸಾಲಿನಲ್ಲಿ ಆದಾಯ ತೆರಿಗೆ ಕಟ್ಟಿದವರು, ತಿಂಗಳಿಗೆ 10,000 ಅಥವಾ ಹೆಚ್ಚು ಪಿಂಚಣಿ ಪಡೆಯುವವರು (ಗ್ರೂಪ್ ಡಿ ನೌಕರರಾಗಿದ್ದವರ ಹೊರತು) ಕಿಸಾನ್ ಸಮ್ಮಾನ್ ಆಸೆ ಬಿಡಿ. ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು ಸೇರಿ ಒಂದೇ ಕುಟುಂಬ. ಇಬ್ಬರ ಹೆಸರಿನಲ್ಲಿ ಪಡೆದರೆ ವಸೂಲಾತಿ ನೋಟಿಸ್ ಬರುತ್ತದೆ.

ಇಷ್ಟಾದರೂ ಬಾರದಿದ್ದರೆ ಯೋಜನೆಯ ಸಹಾಯವಾಣಿ 155261ಕ್ಕೆ ಕರೆ ಮಾಡಿ. ದಾಖಲೆ ಸರಿಯಾದ ಮೇಲೆ ಅರ್ಹರಿಗೆ ತಡೆಹಿಡಿದಿದ್ದ ಕಂತುಗಳೂ ಸಿಗುತ್ತವೆ, ಆದ್ದರಿಂದ ‘ಹೋದದ್ದು ಹೋಯಿತು’ ಎಂದು ಬಿಟ್ಟುಬಿಡಬೇಡಿ.