ಹೊಟ್ಟು ಹೋದ ದಿಕ್ಕು

ದೊಡ್ಡಬಳ್ಳಾಪುರ, ದೇವನಹಳ್ಳಿ ನಡುವೆ ನಮ್ಮದು ಮೂರು ಎಕರೆ ಬೆದ್ದಲು. ನೆತ್ತಿ ಮೇಲೇ ವಿಮಾನ ಇಳಿಯುತ್ತದೆ. 1,100 ಅಡಿ ಬೋರ್‌ವೆಲ್ ಕೊರೆಸಿದರೂ ಬಂದದ್ದು ಬರೀ ಕಲ್ಲಿನ ಪುಡಿ. ಅದಕ್ಕೇ ಕೃಷಿ ಹೊಂಡ ತೆಗೆಸಿದೆ: 12 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳ. ಜೆಸಿಬಿ ಬರುವುದಕ್ಕೆ ಸಲೀಸು ಅಂತ ರಸ್ತೆ ಪಕ್ಕದಲ್ಲೇ.

ಸೆಪ್ಟೆಂಬರ್‌ನಲ್ಲಿ ಮಳೆ ಚೆನ್ನಾಗಿ ಹೊಡೆಯಿತು. ಹೊಂಡದಲ್ಲಿ ನಿಂತದ್ದು ಮೊಣಕಾಲುದ್ದ ನೀರು. ಮೊದಲು ಕೆರೆ ತೂಬು ನೋಡಿಕೊಳ್ಳುತ್ತಿದ್ದ ನೀರುಗಂಟಿ ತಾತ ನೋಡಿ ನಕ್ಕರು. "ದಿಣ್ಣೆ ಮೇಲೆ ಬಾನಿ ಇಟ್ಟಿದ್ದೀಯಲ್ಲ ಮಗಾ, ಎಲ್ಲಿಂದ ತುಂಬುತ್ತೆ?"

ದಿಣ್ಣೆಯಾ? ನನ್ನ ಕಣ್ಣಿಗೆ ಅದು ಸಮ ನೆಲ.

ಗ್ರಾಮ ನಕ್ಷೆ ತಂದೆ. ಒಂದು ಇಂಚಿಗೆ 10 ಚೈನು, ಅಂದರೆ 660 ಅಡಿ. ಅದರಲ್ಲಿದ್ದ ಹಳ್ಳಗಳನ್ನು ನಡೆದು ಹುಡುಕಿದೆ. ಒಂದನ್ನು ಉತ್ತು ಹೊಲ ಮಾಡಿಕೊಂಡಿದ್ದಾರೆ, ಇನ್ನೊಂದರ ಮೇಲೆ ಲೇಔಟ್ ರಸ್ತೆ ಬಂದಿದೆ. ಕಾಗದ ನೋಡಿದರೆ ಇಳಿಜಾರು ಗೊತ್ತಾಗಲ್ಲ, ಅಲ್ವಾ? ಮುಂದಿನ ಮಳೆಗೆ ಒಂದು ಚೀಲ ರಾಗಿ ಹೊಟ್ಟು ಹಿಡಿದು ಹೊರಟೆ.

ಹರಿಯುವ ಕೆಂಪು ನೀರಿಗೆ ಒಂದೊಂದು ಹಿಡಿ ಹಾಕುತ್ತಾ ಅದರ ಹಿಂದೆಯೇ ನಡೆದೆ. ರಸ್ತೆಯ ಪಡುವಣ ಬದಿಗೆ ಹಾಕಿದ್ದು ಪಡುವಣಕ್ಕೇ ಹೋಯಿತು, ಮೂಡಣದ್ದು ಮೂಡಣಕ್ಕೆ. ನಾನು ಹೊಂಡ ತೋಡಿದ್ದು ನೀರು ಇಬ್ಭಾಗವಾಗುವ ನೆತ್ತಿಯಲ್ಲಿ! ಹಳೇ ಗಾಡಿ ದಾರಿಗಳು ದಿಣ್ಣೆ ಮೇಲೇ ಇರುತ್ತವೆ, ಮಳೆಗಾಲದಲ್ಲೂ ಚಕ್ರ ಹೂತುಹೋಗಬಾರದಲ್ಲ. ರಸ್ತೆ ನೋಡಿದಾಗಲೇ ಹೊಳೆಯಬೇಕಿತ್ತು.

ಪಡುವಣದ ನೀರು ಕೆರೆಯಿಂದ ಕೆರೆಗೆ ಕೋಡಿ ಬಿದ್ದು ಅರ್ಕಾವತಿ ಸೇರಬೇಕು. 1890ರ ದಶಕದಲ್ಲಿ ಬೆಂಗಳೂರಿಗೆ ನಲ್ಲಿ ನೀರು ಕೊಟ್ಟ ಹೆಸರಘಟ್ಟ ಕೆರೆ ಇರುವುದು ಇದೇ ಹೊಳೆಗೆ. ಕನಕಪುರದ ಆಚೆ ಸಂಗಮದಲ್ಲಿ ಇದು ಕಾವೇರಿಗೆ ಕೂಡುತ್ತದೆ. ಮೂಡಣದ್ದು ದಕ್ಷಿಣ ಪಿನಾಕಿನಿಯ ಪಾಲು, ಹೊಸಕೋಟೆ ಹಾದು ತಮಿಳುನಾಡಿಗೆ. ಎರಡೂ ಹುಟ್ಟುವುದು ನಂದಿ ಬೆಟ್ಟದ ಆಸುಪಾಸಿನಲ್ಲೇ. ಈಗ ಕೆರೆಗಳು ಕೋಡಿ ಬೀಳುವುದೇ ಅಪರೂಪ, ಆ ಮಾತು ಬೇರೆ.

ಎರಡನೇ ಹೊಂಡವನ್ನು ಮೂಡಣದ ತಗ್ಗು ಮೂಲೆಯಲ್ಲಿ ತೆಗೆಸಿದೆ. ಹೊಟ್ಟು ಗುಡ್ಡೆಯಾಗಿ ನಿಂತಿದ್ದ ಜಾಗ ಅದು. ಗರಸು ಮಣ್ಣು ನೀರು ಕುಡಿಯುತ್ತದೆ ಅಂತ ತಳಕ್ಕೆ ಪ್ಲಾಸ್ಟಿಕ್ ಹಾಸಿದೆ. ನೀರು ಒಳಗೆ ಬರುವ ಬಾಯಿಯ ಮುಂದೆ ಹೂಳು ನಿಲ್ಲಲಿ ಅಂತ ಚಿಕ್ಕ ಗುಂಡಿ ತೋಡಿದೆ. ಎರಡೇ ಮಳೆಗೆ ತುಂಬಿತು.

ಮೊದಲನೇ ಹೊಂಡ ಈಗ ತಿಪ್ಪೆಗುಂಡಿ. ಗೊಬ್ಬರಕ್ಕೆ ನೀರು ನಿಲ್ಲಬಾರದು ನೋಡಿ, ಜಾಗ ಹೇಳಿ ಮಾಡಿಸಿದ ಹಾಗಿದೆ.