ಓಡುತ್ತಿರುವ ಪ್ರೋಗ್ರಾಂಗೆ ಲೈಬ್ರರಿ ಜೋಡಿಸುವುದು ಹೇಗೆ?

ಪುಣೆಯ ಉಡುಪಿ ಹೋಟೆಲೊಂದಕ್ಕೆ ಬಿಲ್ ಪ್ರೋಗ್ರಾಂ ಬರೆಯುತ್ತಿದ್ದೀರಿ ಎಂದುಕೊಳ್ಳಿ. ಮೊತ್ತ 150 ಆದರೆ ಅದು ಅಕ್ಷರದಲ್ಲೂ ಬರಬೇಕು. ಮಾಲೀಕರಿಗೆ ‘ನೂರೈವತ್ತು ರೂಪಾಯಿ ಮಾತ್ರ’, ಗಿರಾಕಿಗೆ ಮರಾಠಿಯಲ್ಲಿ ‘ಏಕ್‌ಶೇ ಪನ್ನಾಸ್ ರುಪಯೇ ಫಕ್ತ’. ನಾಳೆ ಗುಜರಾತಿಯೂ ಬೇಕು ಅಂತಾರೆ. ಒಂದೊಂದು ಭಾಷೆ ಸೇರಿದಾಗಲೂ ಇಡೀ ಪ್ರೋಗ್ರಾಂ ಕಂಪೈಲ್ ಮಾಡಿ ಕೋಥ್ರೂಡ್, ಹಡಪ್ಸರ್ ಶಾಖೆಗಳಿಗೆ ಹಂಚುತ್ತಾ ಕೂರುವುದು ಯಾರಿಗೆ ಬೇಕು? ಭಾಷೆಗೊಂದು ಲೈಬ್ರರಿ (ಪ್ರೋಗ್ರಾಂ ಓಡುವಾಗಲೇ ಜೋಡಿಸಬಹುದಾದ ಕೋಡಿನ ಫೈಲ್) ಮಾಡಿಟ್ಟು, ಬೇಕಾದಾಗ ಎತ್ತಿಕೊಂಡರೆ ಆಯ್ತು. ಲಿನಕ್ಸ್‌ನಲ್ಲಿ, ಸಿ ಭಾಷೆಯಲ್ಲಿ ಇದನ್ನು ಮಾಡುವ ಬಗೆ ನೋಡೋಣ.

ಮೊದಲು ಲೈಬ್ರರಿ. ಅದರಲ್ಲಿ ಒಂದು ಫಂಕ್ಷನ್ ಬರೆಯಿರಿ. ಹೆಸರು ‘ಬಿಲ್_ಪದ’ ಎಂದಿರಲಿ. ಅದಕ್ಕೆ ಮೊತ್ತ, ಬಫರ್ (ಪದ ಬರೆಯಲು ನೀವು ತೆಗೆದಿಟ್ಟ ಮೆಮೊರಿ), ಬಫರಿನ ಅಳತೆ ಮೂರನ್ನೂ ಕೊಡಿ. ಪದಗಳನ್ನು ಅದು ನಿಮ್ಮ ಬಫರಿನೊಳಗೇ ಬರೆಯಲಿ. ಸುಮ್ನೆ ಪಾಯಿಂಟರ್, ಅಂದರೆ ಪದಗಳಿರುವ ಮೆಮೊರಿಯ ವಿಳಾಸ, ವಾಪಸ್ ಕೊಟ್ಟರೆ ಸಾಲದೇ? ಸಾಲದು, ಕಾರಣ ಮುಂದೆ ಬರುತ್ತದೆ. ಜಿಸಿಸಿ ಎಂಬ ಕಂಪೈಲರಿಗೆ ‘-ಎಫ್‌ಪಿಐಸಿ’, ‘-ಶೇರ್ಡ್’ ಎರಡೂ ಕೊಟ್ಟು ಕಂಪೈಲ್ ಮಾಡಿದರೆ ‘ಮರಾಠಿ.ಎಸ್‌ಒ’ ಸಿದ್ಧ.

ಈಗ ಮುಖ್ಯ ಪ್ರೋಗ್ರಾಂ. ‘ಡಿಎಲ್‌ಎಫ್‌ಸಿಎನ್.ಎಚ್’ ಸೇರಿಸಿ, ಲೈಬ್ರರಿ ತೆರೆಯುವ ‘ಡಿಎಲ್‌ಓಪನ್’ ಕರೆಯಿರಿ. ಲಿನಕ್ಸ್‌ನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿ 2.34ಕ್ಕಿಂತ (2021) ಹಳೆಯದಿದ್ದರೆ ಲಿಂಕ್ ಮಾಡುವಾಗ ‘-ಎಲ್‌ಡಿಎಲ್’ ಕೊಡಬೇಕು, ಆಮೇಲಿನವಕ್ಕೆ ಬೇಡ. ಫೈಲ್ ಪಕ್ಕದಲ್ಲೇ ಇದ್ದರೂ ‘ಸಿಗಲಿಲ್ಲ’ ಎಂಬ ಉತ್ತರ ಬಂದರೆ ಗಾಬರಿ ಬೇಡ. ಹೆಸರಿನಲ್ಲಿ ಸ್ಲ್ಯಾಶ್ ಇಲ್ಲದಿದ್ದರೆ ಲೋಡರ್ (ಲೈಬ್ರರಿಯನ್ನು ಮೆಮೊರಿಗೆ ತರುವ ಭಾಗ) ಸಿಸ್ಟಂನ ಜಾಗಗಳಲ್ಲಿ ಹುಡುಕುತ್ತದೆಯೇ ಹೊರತು ನೀವು ನಿಂತ ಫೋಲ್ಡರಿನಲ್ಲಲ್ಲ. ಮುಂದೆ ‘./’ ಹಾಕಿ, ಇಲ್ಲವೇ ಪೂರ್ತಿ ದಾರಿ ಬರೆಯಿರಿ.

ಎರಡನೆಯ ಆರ್ಗ್ಯುಮೆಂಟ್ ‘ಆರ್‌ಟಿಎಲ್‌ಡಿ_ನೌ’ ಇರಲಿ. ‘ಲೇಜಿ’ ಕೊಟ್ಟರೆ, ಲೈಬ್ರರಿಗೆ ಬೇಕಾದ ಫಂಕ್ಷನ್ ಕಾಣೆಯಾಗಿರುವುದು ಗೊತ್ತಾಗುವುದು ಅದನ್ನು ಕರೆದಾಗಲೇ. ಅಂದರೆ ಮಧ್ಯಾಹ್ನ ಒಂದು ಗಂಟೆಗೆ, ಕೌಂಟರ್ ಮುಂದೆ ಸಾಲು ನಿಂತಿರುವಾಗ ಪ್ರೋಗ್ರಾಂ ಬೀಳುತ್ತದೆ. ‘ನೌ’ ಆದರೆ ಬೆಳಿಗ್ಗೆ ಶುರು ಮಾಡುವಾಗಲೇ ಬಾಯಿಬಿಡುತ್ತದೆ.

ಫಂಕ್ಷನ್ನಿನ ವಿಳಾಸ ಕೊಡುವುದು ‘ಡಿಎಲ್‌ಸಿಮ್’. ನಿಜವಾದ ಅಪಾಯ ಇರುವುದು ಇಲ್ಲೇ. ಅದು ಕೊಡುವುದು ಬರೀ ವಾಯ್ಡ್ ಪಾಯಿಂಟರ್, ಟೈಪ್ ಹೇಳದ ವಿಳಾಸ. ಇದು ಇಂಥ ಟೈಪಿನ ಫಂಕ್ಷನ್ ಎಂದು ನೀವು ಹೇಳಿದರೆ ಕಂಪೈಲರ್ ಮರುಮಾತಿಲ್ಲದೆ ನಂಬುತ್ತದೆ. ಲೈಬ್ರರಿ ಬರೆದವರು ಒಂದು ಆರ್ಗ್ಯುಮೆಂಟ್ ಜಾಸ್ತಿ ಮಾಡಿದ್ದರೂ ಎಚ್ಚರಿಕೆ ಬರುವುದಿಲ್ಲ. ಬಿಲ್ಲಿನಲ್ಲಿ ಕಸ ಬರಬಹುದು, ಪ್ರೋಗ್ರಾಂ ಸಾಯಲೂಬಹುದು. ಅದಕ್ಕೇ ಪ್ರತಿ ಲೈಬ್ರರಿಯಲ್ಲೂ ‘ಆವೃತ್ತಿ’ ಎಂಬ ಪುಟ್ಟ ಫಂಕ್ಷನ್ ಇಡಿ. ಅದು ಬರೀ ಒಂದು ಸಂಖ್ಯೆ ಕೊಡಲಿ. ಮೊದಲು ಅದನ್ನೇ ಕರೆದು, ಸಂಖ್ಯೆ ಹೊಂದದಿದ್ದರೆ ಆ ಲೈಬ್ರರಿಯನ್ನು ಮುಟ್ಟಲೇಬೇಡಿ. ಲೈಬ್ರರಿ ಸಿ++ನಲ್ಲಿದ್ದರೆ ‘ಎಕ್ಸ್‌ಟರ್ನ್ ಸಿ’ ಹಾಕದೆ ಹೆಸರೇ ಸಿಗುವುದಿಲ್ಲ, ಕಂಪೈಲರ್ ಅದನ್ನು ಬದಲಿಸಿಬಿಟ್ಟಿರುತ್ತದೆ.

ತಪ್ಪು ಪರೀಕ್ಷಿಸಲೂ ಒಂದು ಕ್ರಮ ಇದೆ. ತಪ್ಪಿನ ಸಂದೇಶ ಕೊಡುವ ‘ಡಿಎಲ್‌ಎರರ್’ ಒಮ್ಮೆ ಕರೆದು ಹಳೆಯ ಸಂದೇಶ ಒರೆಸಿ, ‘ಡಿಎಲ್‌ಸಿಮ್’ ಕರೆದು, ಮತ್ತೆ ‘ಡಿಎಲ್‌ಎರರ್’ ನೋಡಿ. ನಲ್ (ಖಾಲಿ ಪಾಯಿಂಟರ್) ಬಂತೆಂದು ತಪ್ಪಾಯಿತು ಅನ್ನಲಾಗದು. ಸಿಂಬಲ್ಲಿನ, ಅಂದರೆ ನೀವು ಹುಡುಕಿದ ಹೆಸರಿನ, ಬೆಲೆಯೇ ನಲ್ ಇರಬಹುದು, ಅಲ್ವಾ?

ಕೊನೆಗೆ ‘ಡಿಎಲ್‌ಕ್ಲೋಸ್’. ಎಷ್ಟು ಸಲ ತೆರೆದಿರೋ ಅಷ್ಟು ಸಲ ಮುಚ್ಚಿದ ಮೇಲೆ, ಬೇರೆ ಯಾವುದೂ ಅದನ್ನು ಬಳಸುತ್ತಿಲ್ಲದಿದ್ದರೆ ಲೈಬ್ರರಿ ಮೆಮೊರಿಯಿಂದ ಹೋಗಬಹುದು. ಅದರ ಜೊತೆ ಅದರೊಳಗಿನ ಸ್ಟ್ರಿಂಗ್‌ಗಳೂ ಹೋಗುತ್ತವೆ. ‘ರುಪಯೇ ಫಕ್ತ’ದ ಪಾಯಿಂಟರ್ ಇಟ್ಟುಕೊಂಡು ಆಮೇಲೆ ಪ್ರಿಂಟ್ ಮಾಡಹೊರಟರೆ ಸೆಗ್‌ಫಾಲ್ಟ್, ಇಲ್ಲದ ಮೆಮೊರಿ ಮುಟ್ಟಿದ್ದಕ್ಕೆ ಪ್ರೋಗ್ರಾಂ ಸಾಯುತ್ತದೆ. ನಿಮ್ಮದೇ ಬಫರ್ ಕೊಡಿ ಎಂದದ್ದು ಇದಕ್ಕೇ. ಇಷ್ಟು ಸಣ್ಣ ಪ್ರೋಗ್ರಾಂನಲ್ಲಿ ಲೈಬ್ರರಿ ಮುಚ್ಚುವ ಗೋಜಿಗೇ ಹೋಗಬೇಡಿ ಅನ್ನುವುದು ನನ್ನ ಅಭಿಪ್ರಾಯ.

ರಸ್ಟ್ ಭಾಷೆಯಲ್ಲಿ ಇದೇ ಕೆಲಸಕ್ಕಿರುವ ‘ಲಿಬ್‌ಲೋಡಿಂಗ್’ ಬಳಸಿದರೆ, ಲೈಬ್ರರಿ ಮುಚ್ಚಿದ ಮೇಲೂ ಅದರ ಸಿಂಬಲ್ ಬಳಸುವುದನ್ನು ಕಂಪೈಲರೇ ತಡೆಯುತ್ತದೆ. ಟೈಪ್ ಸರಿಯಿದೆ ಎಂಬ ಹೊಣೆ ಮಾತ್ರ ಅಲ್ಲೂ ನಿಮ್ಮದೇ, ‘ಅನ್‌ಸೇಫ್’ ಬರೆಯಲೇಬೇಕು.

ಇನ್ನೊಂದು ವಿಷಯ: ‘ಡಿಎಲ್‌ಓಪನ್’ ಕರೆದ ಕೂಡಲೇ ಲೈಬ್ರರಿಯ ಕನ್‌ಸ್ಟ್ರಕ್ಟರ್ ಕೋಡ್ (ಲೋಡ್ ಆದಾಗ ತಾನಾಗಿ ಓಡುವ ಕೋಡ್) ಓಡುತ್ತದೆ, ನೀವು ಆವೃತ್ತಿ ಕೇಳುವ ಮೊದಲೇ. ಹಾಗಾಗಿ ಲೈಬ್ರರಿ ಇಡುವ ಫೋಲ್ಡರಿಗೆ ಬರೆಯುವ ಅನುಮತಿ ಕೌಂಟರಿನ ಲಾಗಿನ್‌ಗೆ ಕೊಡಬೇಡಿ.